ಒಂದು ದೀರ್ಘ, ಒಂದು ಒತ್ತು

ಸುಗಂಧಾ ಮಗದುಮ್ಮ ಎಂಬ ಶಿಕ್ಷಕಿಯನ್ನು ಸದಲಗಾದ ಶಾಲೆಯೊಂದರಿಂದ ತೆಗೆದುಹಾಕಿದ ಠರಾವನ್ನು ಬರೆದ ಕೈ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದೆ ನಾನು ಊರ ದೊಡ್ಡವರನ್ನು ಬಯ್ಯುವಾಗ ಇವನೊಬ್ಬ ಸಾಚಾ ಮನುಷ್ಯ ಎಂದು ನೀವು ತಿಳಿದೀರಿ.

ನಾನು ಮುರಗೆಪ್ಪ, ಆ ಶಾಲೆಯ ಚಿತ್ರಕಲಾ ಮಾಸ್ತರ. ಅಕ್ಷರ ದುಂಡಗಿವೆ ಎಂಬ ಒಂದೇ ತಪ್ಪಿಗೆ ಆಡಳಿತ ಮಂಡಳಿಯ ನಡಾವಳಿ ಬರೆಯುವ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಅವರು ಚಹಾ ಕುಡಿಯುತ್ತ ಹೇಳುವುದು, ನಾನು ಬರೆಯುವುದು, ಅವರು ಓದದೆ ಸಹಿ ಮಾಡುವುದು. ಆಗಲೇ ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಸುಗಂಧಾ ಅಕ್ಕೋರು ಸದಲಗಾದವರೇ, ಜೈನ ಒಕ್ಕಲು ಮನೆತನ. ೧೯೮೧ರಲ್ಲಿ ಎರಡನೆಯ ಇಯತ್ತೆಗೆ ಪಾಠ ಹೇಳಲು ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಮದುವೆಯಾಗಿರಲಿಲ್ಲ, ಮುಂದೆ ಆಗಲೂ ಇಲ್ಲ. ಬಸದಿಯ ಹಿಂದಿನ ಓಣಿಯಲ್ಲಿ ತಾಯಿ ಕಾಶಿಬಾಯಿಯೊಡನೆ ಎರಡು ಖೋಲಿಯ ಮನೆಯಲ್ಲಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ಉಳ್ಳಾಗಡ್ಡಿ ಮುಟ್ಟದವರು, ನೀರು ಸೋಸದೆ ಕುಡಿಯದವರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಇಂಥ ಹೆಂಗಸನ್ನು ಮುಂದೆ "ಧರ್ಮ ಬಿಟ್ಟಾಕಿ" ಅಂದರು. ಹಾಗೆ ಅಂದವರಲ್ಲಿ ಇಬ್ಬರು ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಕತ್ತಲಾದ ಮೇಲೆ ಉಳ್ಳಾಗಡ್ಡಿಯ ಕಾಂದಾಭಜಿ ಮುಕ್ಕುವುದನ್ನು ನಾನು ಕಣ್ಣಾರೆ ಕಂಡಿದ್ದೆ.

ಅಕ್ಕೋರಿಗೆ ಒತ್ತಕ್ಷರದ ಹುಚ್ಚು. ಮಗು ಒಂದು ಒತ್ತು ಬಿಟ್ಟರೆ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಪಾಟಿಯ ಮೇಲೆ ಸರಿಯಾಗಿ ಬರೆಸಿ, "ಕತಿಗೆ ಒಂದು ಒತ್ತು ಹಚ್ಚಿದ್ರ ಕತ್ತಿ ಆಗತೈತಿ. ಕತ್ತಿ ಮ್ಯಾಲೆ ಕುಂದರಬಹುದು, ಕೇಳಾಕ ಬರೂದಿಲ್ಲ" ಎನ್ನುತ್ತಿದ್ದರು. ನಮ್ಮ ಕಡೆ ಕತೆಗೆ ಕತಿ, ಕತ್ತೆಗೆ ಕತ್ತಿ ಅನ್ನುತ್ತೇವೆ. ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದವು. ಅವರ ಕೈಯಲ್ಲಿ ಕಲಿತ ಮಕ್ಕಳ ಬರಹ ನೋಡಿದರೆ ಇವತ್ತಿಗೂ ಗುರುತು ಹಿಡಿಯಬಲ್ಲೆ.

ಆ ಊರಿನ ಎರಡನೆಯ ಇಯತ್ತೆಯ ಮಕ್ಕಳಿಗೆ ಸಿನೆಮಾ ಎಲ್ಲಿಂದ ಬರಬೇಕು? ಅಕ್ಕೋರೇ ಮಾಡಿದರು. ಸಾಬೂನು ತುಂಬಿ ಬರುವ ಕಟ್ಟಿಗೆಯ ಖೋಕಾ, ಅದರ ಮುಂದೊಂದು ಚೌಕದ ಕಿಂಡಿ, ಒಳಗೆ ಮೇಲೊಂದು ಕೆಳಗೊಂದು ಲಟ್ಟಣಿಗೆ. ಲಟ್ಟಣಿಗೆಗಳ ನಡುವೆ ಉದ್ದ ಕಾಗದದ ಸುರುಳಿ, ಅದರ ಮೇಲೆ ಚಿತ್ರಗಳು. ಲಟ್ಟಣಿಗೆ ತಿರುವಿದರೆ ಕಿಂಡಿಯಲ್ಲಿ ಒಂದೊಂದೇ ಚಿತ್ರ ಏರಿ ಬರುತ್ತಿತ್ತು, ಅಕ್ಕೋರು ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದರು. ಚಿತ್ರ ನನ್ನವು, ಕಥೆ ಮತ್ತು ಅಕ್ಷರ ಅವರವು. ಲಟ್ಟಣಿಗೆ ಕಾಶಿಬಾಯಿಯವು. ಆ ಮುದುಕಿ ಬಹಳ ದಿನ ಸ್ಟೀಲಿನ ಲೋಟದಿಂದ ಚಪಾತಿ ಲಟ್ಟಿಸಿದಳು. ಮಕ್ಕಳು ಆ ಪೆಟ್ಟಿಗೆಗೆ 'ಸುಗಂಧಾ ಟಾಕೀಜ್' ಅಂತ ಹೆಸರಿಟ್ಟಿದ್ದವು.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ದೂಧಗಂಗಾ ಹೊಳೆ ದಂಡೆ ದಾಟಿ ಕೆಳಗಿನ ಓಣಿಗೆ ನುಗ್ಗಿತು. ಜನ ಸಾಮಾನು ಹೊತ್ತು ಮೇಲಕ್ಕೆ ಬಂದರು, ಯಾರೂ ಸಾಯಲಿಲ್ಲ. ಡೇರಿಗೆ ಹಾಲು ಹಾಕುವ ಭರಮು ಎಂಬುವನ ಕೊಟ್ಟಿಗೆಯಲ್ಲಿ ಮಾತ್ರ ಒಂದು ಎಮ್ಮೆಯ ಕರ ಕಟ್ಟಿದಲ್ಲೇ ಉಳಿಯಿತು. ನೀರು ಇಳಿದ ಮೇಲೆ ನೋಡಿದರೆ ಗೋಡೆಯೂ ಇರಲಿಲ್ಲ, ಕರವೂ ಇರಲಿಲ್ಲ.

ಭರಮುವಿನ ಮಗಳು ಸುಂದರಾ. ಏಳು ವರ್ಷದವಳು, ಅಕ್ಕೋರ ವರ್ಗದಲ್ಲೇ ಇದ್ದಳು. ಆ ಕರಕ್ಕೆ ದಿನಾ ನೀರು ಕುಡಿಸುತ್ತಿದ್ದವಳು ಅವಳು. ಪ್ರವಾಹಕ್ಕೆ ಮೂರು ವಾರ ಮೊದಲು, ಮಣ್ಣೆತ್ತಿನ ಅಮಾವಾಸ್ಯೆಯ ದಿನ, ದೇವರ ಎಡೆಗೆಂದು ತೆಗೆದಿಟ್ಟ ಕಡುಬನ್ನು ಈ ಹುಡುಗಿ ಕದ್ದು ತಿಂದು, ಬೆಕ್ಕು ತಿಂತು ಎಂದು ಸುಳ್ಳು ಹೇಳಿದ್ದಳು. ಕರ ಹೋದ ದಿನ ಅವಳ ಅಜ್ಜಿ ಸತ್ತೆವ್ವ ಅದನ್ನು ನೆನಪು ಮಾಡಿಕೊಂಡಳು. "ನೀ ಎಡಿ ಎಂಜಲಾ ಮಾಡಿದಿ, ಮ್ಯಾಲ ಸುಳ್ಳ ಹೇಳಿದಿ. ಅದಕ್ಕ ದೇವ್ರು ಕರಾ ಒಯ್ದ" ಅಂದಳು. ಭರಮು ಕೇಳಿಸಿಕೊಂಡು ಸುಮ್ಮನಿದ್ದ. ಓಣಿಯ ಹೆಂಗಸರು ಹೌದು ಹೌದು ಅಂದರು. ಕರವನ್ನು ಯಾಕೆ ಯಾರೂ ಬಿಚ್ಚಲಿಲ್ಲ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಊರು ತುಂಬ ದೊಡ್ಡವರಿದ್ದರು, ತಪ್ಪು ಹೋಗಿ ಕೂತದ್ದು ಏಳು ವರ್ಷದ ಹುಡುಗಿಯ ತಲೆಯ ಮೇಲೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಸುಂದರಾ ಶಾಲೆಗೆ ಬರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬುತ್ತಿ ಬಿಚ್ಚುತ್ತಿರಲಿಲ್ಲ. ದನದ ಕೊಟ್ಟಿಗೆಯ ಕಡೆ ಹೆಜ್ಜೆ ಇಡುತ್ತಿರಲಿಲ್ಲವಂತೆ. ಒಂದು ದಿನ ಅಕ್ಕೋರು ಪಾಟಿ ನೋಡಿದರೆ, ಕೊಟ್ಟ ಶಬ್ದ ಬಿಟ್ಟು ಅವಳು "ನಾನು ಕರಾ ಕೊಂದೆ" ಎಂದು ಬರೆದಿದ್ದಳು. ಅಕ್ಕೋರು ಆ ಪಾಟಿಯನ್ನು ಎತ್ತಿಕೊಂಡು ನನ್ನ ಖೋಲಿಗೆ ಬಂದರು. "ಮಾಸ್ತರ, ಹದಿನಾಲ್ಕು ಚಿತ್ರ ಬೇಕು. ಎರಡು ದಿನದಾಗ" ಅಂದರು.

ಆ ಕಥೆ ಇಷ್ಟೇ. ಚಿಮಣಿ ಎಂಬ ಹುಡುಗಿಯ ಕರವನ್ನು ಹೊಳೆ ಒಯ್ಯುತ್ತದೆ. ದೇವ ಒಯ್ದ, ನಿನ್ನ ತಪ್ಪಿಗೇ ಒಯ್ದ, ಎನ್ನುತ್ತಾಳೆ ಅಜ್ಜಿ. ಹಾಗಾದರೆ ಅವನನ್ನೇ ಕೇಳಿ ವಾಪಸು ತರುತ್ತೇನೆಂದು ಚಿಮಣಿ ಹೊರಡುತ್ತಾಳೆ. ನಿನ್ನನ್ನು ಯಾರು ಕಳಿಸಿದರು ಎಂದು ಹೊಳೆಯನ್ನು ಕೇಳಿದರೆ, ಯಾರೂ ಇಲ್ಲ, ಮಳೆ ಹೆಚ್ಚಾಯಿತು, ಬಂದೆ ಎನ್ನುತ್ತದೆ. ಮಳೆಯನ್ನು, ಗಾಳಿಯನ್ನು, ಮೋಡವನ್ನು ಕೇಳಿದರೂ ಅದೇ ಉತ್ತರ. ಕೊನೆಯ ಚಿತ್ರದಲ್ಲಿ ಚಿಮಣಿ ಗುಡ್ಡದ ತುದಿಯಲ್ಲಿ ನಿಂತಿದ್ದಾಳೆ, ಕೆಳಗೆ ಊರಿನ ಜನ ಬಿದ್ದ ಗೋಡೆ ಕಟ್ಟುತ್ತಿದ್ದಾರೆ. ಅದರಡಿ ಅಕ್ಕೋರ ಅಕ್ಷರ: "ಮೋಡದ ಮೇಲೆ ದೇವ ಇಲ್ಲ. ಮೋಡದ ಕೆಳಗೆ ನಾವಿದ್ದೇವೆ."

ವರ್ಗದಲ್ಲಿ ಅದನ್ನು ತೋರಿಸಿದ ದಿನ ಸುಂದರಾ ಮೂರು ಸಲ ತಿರುವಿಸಿ ನೋಡಿದಳು. ಆಮೇಲೆ ಮೂಲೆಗೆ ಹೋಗಿ ಬುತ್ತಿ ಬಿಚ್ಚಿ ಒಂದೂವರೆ ರೊಟ್ಟಿ ತಿಂದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕೋರು ಹಲಗೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಮುಂದಿನ ವಾರವೇ ತಕರಾರು ಬಂತು. ಸತ್ತೆವ್ವ ಮತ್ತೆ ಕರದ ಮಾತು ತೆಗೆದಾಗ ಹುಡುಗಿ ತಿರುಗಿ, "ಮೋಡದ ಮ್ಯಾಲೆ ಯಾರೂ ಇಲ್ಲ, ಅಕ್ಕೋರು ತೋರಿಸ್ಯಾರ" ಅಂದಿದ್ದಳಂತೆ. ಭರಮು ಮಂಡಳಿಯ ಅಧ್ಯಕ್ಷ ತಾತ್ಯಾಸಾಹೇಬರ ಅಡತಿ ಅಂಗಡಿಗೆ ಹೋಗಿ ಕೂತ. ಅಲ್ಲಿಗೆ ಬಂದುಹೋಗುವವರೆಲ್ಲ ಒಂದೊಂದು ಮಾತು ಸೇರಿಸಿದರು. ಸಂಜೆಯ ಹೊತ್ತಿಗೆ ನಮ್ಮ ಶಾಲೆಯಲ್ಲಿ ದೇವರ ಫೋಟೋಗಳನ್ನು ತುಳಿಸುತ್ತಾರೆ ಎಂಬಲ್ಲಿಗೆ ಸುದ್ದಿ ಮುಟ್ಟಿತ್ತು! ಪೆಟ್ಟಿಗೆಯನ್ನು ಒಂದು ಸಲ ನೋಡೋಣ ಎಂದು ಒಬ್ಬನೂ ಶಾಲೆಯ ಕಡೆ ಬರಲಿಲ್ಲ.

ಮಂಡಳಿ ಕೂತಿತು. ತಾತ್ಯಾಸಾಹೇಬರು ತಕ್ಕೆದಿಂಬಿಗೆ ಒರಗಿ ಹೇಳಿದರು: "ಸುಗಂಧಾ, ನೀ ನನ್ನ ಕಣ್ಣಮುಂದ ಬೆಳದಾಕಿ. ನಾಸ್ತಿಕರಂಗ ದೇವ್ರಿಲ್ಲ ಅಂತ ಹುಡುಗೂರಿಗೆ ಹೇಳತೀ ಏನ?"

ಅಕ್ಕೋರು ನೆಲ ನೋಡುತ್ತಲೇ ಉತ್ತರ ಕೊಟ್ಟರು. "ತಾತ್ಯಾ, ಸಣ್ಣಾಕಿ ಇದ್ದಾಗ ಐತವಾರ ಬಸದಿ ಪಾಠಶಾಲಿಯಾಗ ನೀವ ಕೇಳತಿದ್ರಿ, ಈ ಲೋಕಾ ಯಾರು ಮಾಡಿದ್ರು ಅಂತ. ನಾವೆಲ್ಲಾ ಕೂಡಿ, ಯಾರೂ ಮಾಡಿಲ್ಲ, ಅದು ಅನಾದಿ ಅಂತಿದ್ವಿ. ಸರಿಯಾಗಿ ಅಂದಾರಿಗೆ ನೀವು ಪೇಢಾ ಕೊಡತಿದ್ರಿ. ನಾನೂ ತಿಂದೀನ್ರಿ."

ನಾನು ಲಿಂಗಾಯತ, ಆ ಪಾಠಶಾಲೆಯ ಒಳಗು ನನಗೆ ಗೊತ್ತಿಲ್ಲ. ಆದರೆ ತಾತ್ಯಾಸಾಹೇಬರ ಮುಖ ನೋಡಿದರೆ ಸಾಕಿತ್ತು, ಮಾತು ಖರೆ ಇತ್ತು. ಅವರು ಹೆಗಲ ಮೇಲಿನ ಉಪರಣಿಯಿಂದ ಕೊರಳು ಒರೆಸಿಕೊಂಡು, "ಅದು ಪಾಠಶಾಲಿ ಮಾತ. ಇದು ಶಾಲಿ. ಇಲ್ಲಿ ಎಲ್ಲಾ ಜಾತಿ ಹುಡುಗೂರು ಬರ್ತಾವ. ನಾಳೆ ಹೆಸರು ತಗಸಿ ಬ್ಯಾರೆ ಶಾಲಿಗೆ ಹಾಕಿದ್ರ?" ಅಂದರು. ಅದೇ ವರ್ಷ ದೀಪಾವಳಿಯ ಮುಂದೆ ಬಸದಿಯಲ್ಲಿ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟ ತಮ್ಮ ಮೊಮ್ಮಗಳಿಗೆ ಇವರೇ ಬಹುಮಾನ ಕೊಟ್ಟರು. ಒಂದೇ ಮಾತು ಬಸದಿಯಲ್ಲಿ ಪುಣ್ಯ, ಶಾಲೆಯಲ್ಲಿ ಪಾಪ. ಇಂಥವರು ಧರ್ಮ ಕಾಯುವವರು!

"ಕಡೀ ಚಿತ್ರ ತಗದಬಿಡು" ಅಂದರು ತಾತ್ಯಾ.

"ಅದನ್ನ ತಗದ್ರ ಆ ಹುಡುಗಿ ಮ್ಯಾಲೆ ಮತ್ತ ತಪ್ಪ ಬೀಳತೈತ್ರಿ" ಅಂದರು ಅಕ್ಕೋರು. ಎಷ್ಟು ಹೇಳಿದರೂ ಒಪ್ಪಲಿಲ್ಲ.

ಆಗ ತಾತ್ಯಾಸಾಹೇಬರಿಗೆ ಒಂದು ಯುಕ್ತಿ ಹೊಳೆಯಿತು. ಸುರುಳಿ ತರಿಸಿ ಕನ್ನಡಕದಲ್ಲಿ ಓದಿದರು. "ಇಲ್ಲಿ 'ದೇವ' ಅಂತ ಐತಿ. ಒಂದು ದೀರ್ಘ ತಗೀರಿ, ಒಂದು ಒತ್ತು ಹಾಕ್ರಿ. 'ದೆವ್ವ' ಆತು. ಮೋಡದ ಮ್ಯಾಲೆ ದೆವ್ವ ಇಲ್ಲ! ಹುಡುಗೂರ ಅಂಜಿಕೀನೂ ಹೋತು, ನಮ್ಮ ತಕರಾರೂ ಹೋತು." ಎಲ್ಲರೂ ಭಲೇ ಅಂದರು. ನಾನು ಬರೆದೆ: "ಸದರಿ ಕಥೆಯಲ್ಲಿ ದೇವ ಎಂದು ಇದ್ದ ಕಡೆಗೆಲ್ಲ ದೆವ್ವ ಎಂದು ತಿದ್ದತಕ್ಕದ್ದು. ಹಾಗೆ ತಿದ್ದಿ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಪಾಲಕರ ಮುಂದೆ ತೋರಿಸತಕ್ಕದ್ದು."

ಅಕ್ಕೋರು ಠರಾವಿನ ನಕಲು ಕೇಳಿ ತೆಗೆದುಕೊಂಡು ಹೋದರು. ಬರೆದು ಬಂದ ಆಜ್ಞೆಯನ್ನು ಅವರು ಎಂದೂ ಮೀರಿದವರಲ್ಲ.

ಜನವರಿಯಲ್ಲಿ ಗ್ಯಾದರಿಂಗು. ಮಧ್ಯಾಹ್ನ ಮೂರಕ್ಕೆ ಮಂಟಪ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಮಂಡಳಿಯವರು, ಹಿಂದೆ ಪಾಲಕರು, ನೆಲದ ಮೇಲೆ ಮಕ್ಕಳು. ಸುಗಂಧಾ ಟಾಕೀಜಿನ ಲಟ್ಟಣಿಗೆ ತಿರುಗಿತು. ಅಕ್ಕೋರು ಠರಾವಿನ ಪ್ರಕಾರ ದೇವ ಎಂದು ಇದ್ದ ಕಡೆಗೆಲ್ಲ, ಎಲ್ಲ ಕಡೆಗೂ, ತಿದ್ದಿದ್ದರು. ಕಥೆಯ ಅಜ್ಜಿ ಜಗುಲಿಯ ಮುಂದೆ ಕೂತು ಹೇಳುತ್ತಾಳೆ: "ದೆವ್ವ ದೊಡ್ಡದು. ದಿನಾ ಮುಂಜಾನೆ ದೆವ್ವಕ್ಕೆ ಕೈ ಮುಗಿ. ದೆವ್ವದ ದಯೆಯಿಂದಲೇ ನಮಗೆ ಅನ್ನ. ನೀನು ದೆವ್ವದ ಎಡೆ ಎಂಜಲು ಮಾಡಿದಿ, ಅದಕ್ಕೆ ದೆವ್ವ ಕರ ಒಯ್ದಿತು."

ಮೊದಲು ಮಕ್ಕಳು ನಕ್ಕವು. ಆಮೇಲೆ ಹಿಂದಿನ ಸಾಲುಗಳಲ್ಲಿ ಗಂಡಸರು ನಕ್ಕರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ತಾತ್ಯಾಸಾಹೇಬರ ಕಿವಿ ಕೆಂಪಾದವು. ಪರದೆಯ ಬದಿಯಲ್ಲಿ ನಿಂತು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅಕ್ಕೋರು ಮಾತ್ರ ನಗಲಿಲ್ಲ, ಪಾಠ ಓದಿದಷ್ಟೇ ಸ್ಪಷ್ಟವಾಗಿ ಓದಿದರು. ಕೊನೆಯ ಚಿತ್ರ ಬಂತು. "ಮೋಡದ ಮೇಲೆ ದೆವ್ವ ಇಲ್ಲ. ಮೋಡದ ಕೆಳಗೆ ನಾವಿದ್ದೇವೆ."

ಚಪ್ಪಾಳೆ ಬಿದ್ದವು. ಆಗ ನೆಲದ ಮೇಲೆ ಕೂತಿದ್ದ ಸುಂದರಾ ಎದ್ದು ನಿಂತಳು. ಅವಳೊಬ್ಬಳೇ ನಕ್ಕಿರಲಿಲ್ಲ.

"ಅಕ್ಕೋರ, ಮೊದಲ ಬ್ಯಾರೆ ಇತ್ತಲ್ರಿ. ಈಗ ದೆವ್ವ ಇಲ್ಲ ಅಂದ್ರಿ. ಹಂಗಾದ್ರ ಕರಾ ಒಯ್ದದ್ದು ದೇವ್ರ ಏನ್ರಿ? ನನ್ನ ಸಲವಾಗಿ ಏನ್ರಿ?"

ದೊಡ್ಡವರಾದ ನಮಗೆ ಯಾರಿಗೂ ಹೊಳೆಯದ್ದು ಆ ಮಗುವಿಗೆ ಹೊಳೆದಿತ್ತು: ಶಬ್ದ ತಿದ್ದಿದ ಕೂಡಲೇ ತಪ್ಪು ವಾಪಸು ಅವಳ ತಲೆಗೇ ಬಂದಿತ್ತು.

ಅಕ್ಕೋರು ಲಟ್ಟಣಿಗೆ ಬಿಟ್ಟು ಮಕ್ಕಳ ನಡುವೆ ಹೋಗಿ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತರು. "ಇಲ್ಲವ್ವಾ. ಯಾರೂ ಒಯ್ದಿಲ್ಲ, ನೀರು ಒಯ್ತು. ಮ್ಯಾಲೆ ದೆವ್ವನೂ ಇಲ್ಲ, ದೇವನೂ ಇಲ್ಲ. ನೀ ಕಡಬ ತಿಂದದ್ದಕ್ಕೂ ಕರಾ ಹೋದದ್ದಕ್ಕೂ ಏನೂ ಸಂಬಂಧ ಇಲ್ಲ. ನಿನ್ನ ತಪ್ಪ ಅಲ್ಲ."

ಧ್ವನಿವರ್ಧಕ ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ಮರುದಿನವೇ ಮಂಡಳಿ ಕೂತಿತು. ಎದ್ದವರೆಲ್ಲ ಒದರಾಡಿದರು. ಹತ್ತು ನಿಮಿಷದಲ್ಲಿ ಅಕ್ಕೋರ ಒಂಬತ್ತು ವರ್ಷದ ನೌಕರಿ ಮುಗಿಯಿತು. "ದೇವ ಇಲ್ಲ ಅಂತ ಹೇಳಿದ್ದಕ್ಕ ತಗದೀವಿ ಅಂತ ಬರಿ" ಎಂದು ತಾತ್ಯಾ ನನಗೆ ಹೇಳಿದರು. ಎದ್ದು ನಿಂತು ಆಗದು ಅನ್ನುವ ಧೈರ್ಯ ನನಗಿರಲಿಲ್ಲ. ಆದರೆ ಮಂಡಳಿಯ ಹಳೆಯ ಠರಾವು ಇತ್ತಲ್ಲ, ದೇವ ಇದ್ದ ಕಡೆಗೆಲ್ಲ ದೆವ್ವ ಎಂದು ತಿದ್ದತಕ್ಕದ್ದು ಅಂತ! ನಾನು ದುಂಡಗೆ ಬರೆದೆ: "ದೆವ್ವ ಇಲ್ಲ ಎಂದು ಮಕ್ಕಳಿಗೆ ಹೇಳಿದ ಕಾರಣಕ್ಕಾಗಿ ಕುಮಾರಿ ಸುಗಂಧಾ ಮಗದುಮ್ಮ ಇವರನ್ನು ಕೆಲಸದಿಂದ ತೆಗೆದುಹಾಕಲಾಗಿದೆ." ಏಳೂ ಜನ ಓದದೆ ಸಹಿ ಮಾಡಿದರು.

ನನ್ನ ಶಾಣ್ಯಾತನಕ್ಕೆ ನಾನೇ ಹಿಗ್ಗಿದೆ. ಇನ್ನು ಇವರನ್ನು ಸರಕಾರದ ಮುಂದೆ ಎಳೆದರೆ ಸಾಕು ಅಂದುಕೊಂಡೆ. ಅಕ್ಕೋರ ಹೆಸರಿನಲ್ಲಿ ನಾನೇ ಅರ್ಜಿ ಬರೆದು, ನಡಾವಳಿ ಪುಸ್ತಕ ತರಿಸಿ ನೋಡಬೇಕೆಂದು ಬೇಡಿಕೊಂಡು ಚಿಕ್ಕೋಡಿಯ ಶಿಕ್ಷಣ ಇಲಾಖೆಯ ಸಾಹೇಬರಿಗೆ ಕಳಿಸಿದೆ. ಆದರೆ ಪುಸ್ತಕದಲ್ಲಿ ಏನಿದೆ ಎಂದು ಅಕ್ಕೋರಿಗೆ ಹೇಳಲಿಲ್ಲ.

ಜೂನ್ ತಿಂಗಳಲ್ಲಿ ವಿಚಾರಣೆ. ಸಾಹೇಬರ ಖೋಲಿಯಲ್ಲಿ ಒಂದು ಕಡೆ ತಾತ್ಯಾಸಾಹೇಬರು, ಇನ್ನೊಂದು ಕಡೆ ಅಕ್ಕೋರು ಮತ್ತು ನಾನು. ಬಾಗಿಲ ಹತ್ತಿರದ ಬಾಕಿನ ಮೇಲೆ ತಕರಾರುದಾರ ಭರಮು ಕೂತಿದ್ದ. ಕೈಯಲ್ಲಿ ಟೊಪ್ಪಿಗೆ, ಪಕ್ಕದಲ್ಲಿ ಸುಂದರಾ.

ಸಾಹೇಬರು ನಡಾವಳಿ ಓದಿ ನಕ್ಕುಬಿಟ್ಟರು. "ಏನ್ರಿ ಅಧ್ಯಕ್ಷರ, ದೆವ್ವ ಇಲ್ಲ ಅಂದ್ರ ನೌಕರಿ ತಗೀತೀರಿ? ಸಹಿ ನಿಮ್ಮದ ಹೌದಲ್ರಿ?" ತಾತ್ಯಾಸಾಹೇಬರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಸಾಹೇಬರು ಅಕ್ಕೋರ ಕಡೆ ತಿರುಗಿದರು. "ಬಾಯಾರ, ನೀವು ಅಂದದ್ದು ಇದ ಹೌದಲ್ರಿ? ಹೌದು ಅನ್ರಿ, ಮುಗೀತು. ಸೋಮವಾರದಿಂದ ಶಾಲಿಗೆ ಹೋಗ್ರಿ."

ಒಂದು 'ಹೌದ್ರಿ' ಸಾಕಿತ್ತು. ಮನೆಯಲ್ಲಿ ಕಾಶಿಬಾಯಿಯ ಕಣ್ಣಿನ ಆಪರೇಶನ್ ಬಾಕಿ ಇತ್ತು, ಬೇರೆ ಆದಾಯ ಇರಲಿಲ್ಲ. ಅನ್ರಿ ಅಕ್ಕೋರ, ಅನ್ರಿ, ಎಂದು ನಾನು ಮನಸ್ಸಿನಲ್ಲೇ ಒದರುತ್ತಿದ್ದೆ.

ಅಕ್ಕೋರು ಪುಸ್ತಕ ಎಳೆದುಕೊಂಡು ಓದಿದರು. ಬಾಕಿನ ಕಡೆ ನೋಡಿದರು. ಸುಂದರಾ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು.

"ಇಲ್ರಿ ಸಾಹೇಬ್ರ" ಅಂದರು. "ಇದರಾಗ ಒಂದು ದೀರ್ಘ ಬಿಟ್ಟೈತಿ. ಒಂದು ಒತ್ತು ಹೆಚ್ಚಾಗೈತಿ. ನಾ ಅಂದದ್ದು ಬರೇ ಇದಲ್ಲ. ದೇವನೂ ಇಲ್ಲ ಅಂದೀನಿ. ಆ ಹುಡುಗಿಗೆ ಅಂದೀನಿ." ಮೇಜಿನ ಮೇಲಿನ ಪೆನ್ನು ಎತ್ತಿಕೊಂಡು, ನನ್ನ ದುಂಡನೆಯ ಅಕ್ಷರದ ಮೇಲೆ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದರು. ಆಮೇಲೆ ನನ್ನ ಕಡೆ ತಿರುಗಿ, ಎರಡನೆಯ ಇಯತ್ತೆಯ ಹುಡುಗನಿಗೆ ಹೇಳುವ ಹಾಗೆ ಮೆಲ್ಲಗೆ ಅಂದರು: "ಮಾಸ್ತರ, ಒತ್ತು ತಪ್ಪ ಹಾಕೀರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರ ನಗು ನಿಂತಿತು. ಹಾಗಾದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ತಾತ್ಯಾಸಾಹೇಬರು ಉಪರಣಿ ಕೊಡವಿ ನೆಟ್ಟಗೆ ಕೂತರು. ಕೆಲಸ ಹೋಯಿತು, ಖಾಯಂ ಆಗಿ ಹೋಯಿತು. ಅಕ್ಕೋರು ಈಗ ಪಕ್ಕದ ಭೋಜ ಊರಲ್ಲಿ ಸೋದರಮಾವನ ಮನೆಯಲ್ಲಿದ್ದಾರೆ, ಬೀಡಿ ಕಟ್ಟುವ ಹೆಂಗಸರಿಗೆ ಅಕ್ಷರ ಕಲಿಸುತ್ತಾರೆ. ಏಳು ವರ್ಷವಾಯಿತು, ನಾನಿನ್ನೂ ಅದೇ ಮಂಡಳಿಯ ನಡಾವಳಿ ಬರೆಯುತ್ತಿದ್ದೇನೆ.

ಅವತ್ತು ಕೊನೆಗೆ ಸಾಹೇಬರು ಪದ್ಧತಿಯ ಪ್ರಕಾರ ಭರಮುವನ್ನು ಕೇಳಿದರು: "ನಿನ್ನ ತಕರಾರು ಏನೈತಿ, ಹೇಳಪಾ. ಬರಕೋಬೇಕು."

ಭರಮು ಎದ್ದು ನಿಂತ. ಟೊಪ್ಪಿಗೆಯನ್ನು ಎರಡೂ ಕೈಯಿಂದ ಹಿಂಡಿದ. ಸಾಹೇಬರನ್ನಲ್ಲ, ಅಕ್ಕೋರನ್ನೂ ಅಲ್ಲ, ಮಗಳನ್ನು ನೋಡುತ್ತ ಹೇಳಿದ.

"ತಕರಾರ ಇಲ್ರಿ. ನೀರ ಬಂದ ದಿನ ಕರದ ಕಣ್ಣಿ ಬಿಚ್ಚದ ಓಡಿ ಬಂದಾಂವ ನಾನ್ರಿ."

ಇದಕ್ಕೂ ಅರ್ಜಿಗೂ ಸಂಬಂಧ ಇಲ್ಲ ಎಂದು ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ. ಸುಂದರಾ ಅಪ್ಪನ ಕೈ ಹಿಡಿದುಕೊಂಡಳು.